ಹೊಸದಿಲ್ಲಿಗೆ ನೆರಳನ್ನಿತ್ತ ಸಸಿತೋಟ

ಹೊಟ್ಟೆಪಾಡಿಗಾಗಿ ಊರು ಬಿಟ್ಟು ದಿಲ್ಲಿಗೆ ಬಂದ ನಮ್ಮವರಿಗೆ ಈ ಮಹಾನಗರದಲ್ಲಿ ಕಾಸು ತೆರದೆ ದೊರೆಯುವ ಸೌಖ್ಯಗಳು ಬಹಳವಿಲ್ಲ. ಇರುವ ಕೆಲವೇ ಸೌಖ್ಯಗಳಲ್ಲಿ ರಸ್ತೆಯ ಇಕ್ಕೆಲಗಳ ಮರಗಳ ನೆರಳು ಮೊದಲನೆಯದು. ಜನಪಥದಲ್ಲಿ ಕಡತಗಳ ಚೀಲವನ್ನು ಹೊತ್ತು ನಡೆಯುವ ಗುಮಾಸ್ತನೂ, ನಡುಹಗಲಿನ ಊಟದ ಗದ್ದಲ ಮುಗಿದ ಮೇಲೆ ಹತ್ತು ನಿಮಿಷ ಗಾಳಿ ಸೇವಿಸಲು ಹೊರಬರುವ ಹೋಟೆಲಿನ ಮಾಣಿಯೂ ಆ ನೆರಳಿನ ಋಣಿಗಳೇ. ಮೇ ತಿಂಗಳ ಬಿಸಿಗಾಳಿ ಬೀಸುವಾಗ ಅದರ ಬೆಲೆ ಏನೆಂಬುದನ್ನು ಬಸ್ಸಿಗಾಗಿ ಕಾದು ನಿಂತವರೆಲ್ಲ ಬಲ್ಲರು. ಆದರೆ ಈ ಸಹಸ್ರಾರು ಮರಗಳು ಎಲ್ಲಿಂದ ಬಂದವು, ಅವುಗಳ ಬೀಜವನ್ನು ಬಿತ್ತಿದವರು ಯಾರು, ಎಳೆಯ ಸಸಿಗಳಿಗೆ ನೀರೆರೆದವರು ಯಾರು ಎಂದು ವಿಚಾರಿಸುವವರು ವಿರಳ.

ಈ ಪ್ರಶ್ನೆಗೆ ಅರ್ಧದಷ್ಟು ಉತ್ತರವನ್ನು ಕೊಡುವ ಸ್ಥಳವೊಂದು ದಿಲ್ಲಿಯಲ್ಲಿಯೇ ಇದೆ. ಅದು ಸುಂದರ್ ನರ್ಸರಿ. ಒಂದು ಕಾಲದಲ್ಲಿ ರಾಜಧಾನಿಗೆ ಬೇಕಾದ ಸಸಿಗಳನ್ನು ಬೆಳೆಸಿದ ಸರಕಾರಿ ತೋಟವಾಗಿದ್ದ ಇದು ಇಂದು ಪ್ರಾಚೀನ ಸ್ಮಾರಕಗಳ ಸಹಿತ ಸಂರಕ್ಷಿತವಾಗಿ ಸಾರ್ವಜನಿಕರ ಉದ್ಯಾನವಾಗಿದೆ. ಚಳಿಗಾಲದ ಒಂದು ರಜಾದಿನವನ್ನು ನಾವು ಅಲ್ಲಿ ಕಳೆದೆವು. ನಮ್ಮಲ್ಲಿ ಇಬ್ಬರು ಹೋಟೆಲಿನ ಕೆಲಸದವರು, ಒಬ್ಬರು ಸರಕಾರಿ ಕಚೇರಿಯ ಗುಮಾಸ್ತರು. ಅಲ್ಲಿ ಕಂಡುದನ್ನೂ ಕಾಣದೆ ಹೋದುದನ್ನೂ ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ನಿಜಾಮುದ್ದೀನಿನ ಮಗ್ಗುಲಲ್ಲಿ

ನಮ್ಮವರಲ್ಲಿ ಅನೇಕರು ದಿಲ್ಲಿಯ ನೆಲವನ್ನು ಮೊದಲು ಮೆಟ್ಟುವುದು ಹಜರತ್ ನಿಜಾಮುದ್ದೀನ್ ರೈಲು ನಿಲ್ದಾಣದಲ್ಲಿ. ಮಂಗಳೂರು, ಉಡುಪಿಗಳನ್ನು ಹಾಯ್ದು ಕೊಂಕಣ ರೈಲುಮಾರ್ಗವಾಗಿ ಬರುವ ಮಂಗಳಾ ಎಕ್ಸ್‌ಪ್ರೆಸ್ ತಂದು ಇಳಿಸುವುದು ಅಲ್ಲಿಯೇ. ಬೆಂಗಳೂರಿನ ರಾಜಧಾನಿ ಎಕ್ಸ್‌ಪ್ರೆಸ್ಸಿನ ಕೊನೆಯ ನಿಲ್ದಾಣವೂ ಅದೇ. ಗಂಟುಮೂಟೆಗಳನ್ನು ಹೊತ್ತು ಹೊರಬರುವವನ ಕಣ್ಣಿಗೆ ದೂರದಲ್ಲಿ ಬಿಳಿಯ ಗುಮ್ಮಟವೊಂದು ಬೀಳುತ್ತದೆ. ಅದು ಮೊಗಲ ಬಾದಶಹ ಹುಮಾಯೂನನ ಸಮಾಧಿ. ಅದರ ಬಡಗು ಮಗ್ಗುಲಿಗೆ, ಮಥುರಾ ರಸ್ತೆಯ ಪಕ್ಕದಲ್ಲಿ, ಸುಮಾರು 90 ಎಕ್ರೆಗಳಷ್ಟು ವಿಸ್ತಾರವಾಗಿ ಸುಂದರ್ ನರ್ಸರಿ ಹಬ್ಬಿಕೊಂಡಿದೆ. ಬಡಗಣ ತುದಿಯಲ್ಲಿ ಮೃಗಾಲಯ. ಎದುರಿನ ವೃತ್ತದಲ್ಲಿ ನೀಲಿ ಹೆಂಚುಗಳ ಗುಮ್ಮಟವನ್ನು ಹೊತ್ತ ಸಬ್ಜ್ ಬುರ್ಜ್ ನಿಂತಿರುವುದರಿಂದ ಗುರುತು ಹಿಡಿಯುವುದು ಕಷ್ಟವಲ್ಲ. ಲೋಧಿ ಎಸ್ಟೇಟಿನ ಕನ್ನಡ ಶಾಲೆಗೆ ಮಕ್ಕಳನ್ನು ಕಳುಹಿಸುವ ತಂದೆತಾಯಿಗಳಿಗೆ ಈ ಪ್ರದೇಶ ಹೊಸತೂ ಅಲ್ಲ, ದೂರವೂ ಅಲ್ಲ.

ಇಷ್ಟು ಸಮೀಪದಲ್ಲಿದ್ದೂ ನಮ್ಮವರಲ್ಲಿ ಬಹುಮಂದಿ ಇದರ ಒಳಹೊಕ್ಕಿಲ್ಲ. ವಾರಕ್ಕೊಂದು ರಜೆ ದೊರೆತರೆ ಬಟ್ಟೆ ಒಗೆಯುವುದು, ಊರಿಗೆ ಹಣ ಕಳುಹಿಸುವುದು, ನಿದ್ದೆ ಮಾಡುವುದು, ಇಷ್ಟರಲ್ಲಿಯೇ ದಿನ ತೀರಿಹೋಗುತ್ತದೆ ಎಂಬುದು ನಮಗೆ ತಿಳಿಯದ ಮಾತಲ್ಲ. ಆದರೂ ಒಮ್ಮೆ ಬಿಡುವು ಮಾಡಿಕೊಂಡು ಈ ತೋಟವನ್ನು ನೋಡಿಬರಬೇಕು. ಅದಕ್ಕೆ ಕಾರಣವುಂಟು.

ಒಂದು ರಾಜಧಾನಿಗೆ ಬೇಕಾದ ಸಸಿಗಳು

1911ನೆಯ ಇಸವಿ ದಶಂಬರ 12ರಂದು ದಿಲ್ಲಿಯಲ್ಲಿ ಜರುಗಿದ ದರ್ಬಾರಿನಲ್ಲಿ ಐದನೆಯ ಜಾರ್ಜ್ ದೊರೆಯು ಭಾರತದ ರಾಜಧಾನಿಯನ್ನು ಕಲಕತ್ತೆಯಿಂದ ದಿಲ್ಲಿಗೆ ವರ್ಗಾಯಿಸುವುದಾಗಿ ಘೋಷಿಸಿದನು. ರಾಯಸೀನಾ, ಮಾಲ್ಚಾ ಮೊದಲಾದ ಹಳ್ಳಿಗಳ ಭೂಮಿಯನ್ನು ಸರಕಾರವು ವಶಪಡಿಸಿಕೊಂಡು ಹೊಸ ನಗರದ ನಿರ್ಮಾಣಕ್ಕೆ ತೊಡಗಿತು. ನಕಾಶೆಯಲ್ಲಿ ರಸ್ತೆಗಳು ಅಗಲವಾಗಿಯೂ ನೇರವಾಗಿಯೂ ಇದ್ದವು, ಬಂಗಲೆಗಳು ಸಾಲುಸಾಲಾಗಿದ್ದವು. ಆದರೆ ನೆಲವೋ ಕಲ್ಲುಮಣ್ಣಿನದು. ಬೇಸಿಗೆಯಲ್ಲಿ 45 ಡಿಗ್ರಿ ಮುಟ್ಟುವ ಬಿಸಿಲು, ಚಳಿಗಾಲದಲ್ಲಿ ಮೈ ನಡುಗಿಸುವ ಥಂಡಿ, ಮಳೆಯೆಂದರೆ ವರ್ಷದಲ್ಲಿ ಎರಡು ಮೂರು ತಿಂಗಳು ಮಾತ್ರ. ಇಂಥ ಊರಿನಲ್ಲಿ ಮರಗಳಿಲ್ಲದ ರಾಜಬೀದಿಯು ಕಾದ ಕಾವಲಿಯೇ ಸರಿ.

ಕಟ್ಟಡವನ್ನಾದರೆ ಗುತ್ತಿಗೆ ಕೊಟ್ಟು, ಹೆಚ್ಚು ಆಳುಗಳನ್ನು ಹಾಕಿ, ಬೇಗನೆ ಎಬ್ಬಿಸಬಹುದು. ಮರವನ್ನು ಹಾಗೆ ಎಬ್ಬಿಸಲು ಬಾರದು. ಅದಕ್ಕೆ ತನ್ನದೇ ಆದ ಕಾಲ ಬೇಕು. ಆದುದರಿಂದ ಕಟ್ಟಡಗಳ ತಳಪಾಯದ ಕೆಲಸದೊಡನೆಯೇ ಸಸಿಗಳ ಕೆಲಸವನ್ನೂ ಆರಂಭಿಸಬೇಕಾಯಿತು. ಈ ಶತಮಾನಕ್ಕೂ ಹಿಂದಿನ ಅವಶ್ಯಕತೆಯಿಂದಲೇ ಹುಮಾಯೂನ್ ಸಮಾಧಿಯ ನೆರೆಯಲ್ಲಿ ಈ ಸಸಿತೋಟ ಹುಟ್ಟಿತು. ತೋಟದೊಳಗೆ ಮೊದಲೇ ಇದ್ದ ಸುಂದರ್‌ವಾಲಾ ಬುರ್ಜ್ ಎಂಬ ಮೊಗಲರ ಕಾಲದ ಗೋರಿಯಿಂದ ಅದಕ್ಕೆ ಸುಂದರ್ ನರ್ಸರಿ ಎಂಬ ಹೆಸರು ಬಂದಿತು.

ಸಸಿತೋಟದ ಕೆಲಸ ಹೇಗೆ ನಡೆಯುತ್ತದೆಂಬುದನ್ನು ಅಡಕೆ, ಕಾಫಿಗಳ ನಾಡಿನಿಂದ ಬಂದ ನಮ್ಮವರಿಗೆ ವಿವರಿಸಿ ಹೇಳಬೇಕಾಗಿಲ್ಲ. ಬಲಿತ ಮರದ ಬೀಜವನ್ನು ಆರಿಸಿ ತರಬೇಕು, ಪಾತಿಯಲ್ಲಿ ಬಿತ್ತಬೇಕು, ಮೊಳೆತ ಸಸಿಯನ್ನು ಬೇರು ನೋಯದಂತೆ ಕಿತ್ತು ಬೇರೆಡೆಗೆ ನೆಡಬೇಕು, ನೆರಳಿನಿಂದ ಬಿಸಿಲಿಗೆ ಸ್ವಲ್ಪಸ್ವಲ್ಪವಾಗಿ ಒಗ್ಗಿಸಬೇಕು. ಮಳೆಗಾಲದ ಮೊದಲು ರಸ್ತೆಯ ಬದಿಯಲ್ಲಿ ಗುಂಡಿ ತೋಡಿ, ಒಳ್ಳೆಯ ಮಣ್ಣು, ಗೊಬ್ಬರ ತುಂಬಿ, ಸಸಿಯನ್ನು ಕೂರಿಸಬೇಕು. ಅಲ್ಲಿಗೂ ಕೆಲಸ ಮುಗಿಯಲಿಲ್ಲ. ದನಕರುಗಳ ಬಾಯಿಗೆ ಬೀಳದಂತೆ ಬೇಲಿ ಕಟ್ಟಿ, ಎರಡು ಮೂರು ಬೇಸಿಗೆಗಳನ್ನು ದಾಟುವವರೆಗೂ ತಪ್ಪದೆ ನೀರುಣಿಸಬೇಕು. ಒಂದು ವಾರ ಮರೆತರೆ ಒಂದು ವರ್ಷದ ಶ್ರಮ ಒಣಗಿಹೋಗುತ್ತದೆ.

ಯಾವ ಮರ ಯಾವ ರಸ್ತೆಗೆ ತಕ್ಕುದು ಎಂಬುದನ್ನೂ ವಿಚಾರ ಮಾಡಿಯೇ ನಿರ್ಧರಿಸಿದ್ದರು. ರಸ್ತೆಯ ಅಗಲಕ್ಕೆ ಒಪ್ಪುವ ಎತ್ತರ, ಬೇಸಿಗೆಯಲ್ಲಿ ನೆರಳು, ಕಡಿಮೆ ನೀರಿನಲ್ಲಿ ಬಾಳುವ ಗುಣ, ಇವನ್ನೆಲ್ಲ ನೋಡಿ ಕೆಲವೇ ಜಾತಿಗಳನ್ನು ಆಯ್ದುಕೊಂಡರು. ಹಿಂದೆ ರಾಜಪಥವೆಂದು ಕರೆಯಲ್ಪಡುತ್ತಿದ್ದು 2022ರಿಂದ ಕರ್ತವ್ಯಪಥವಾಗಿರುವ ಮಹಾಬೀದಿಗೆ ನೇರಳೆ. ಜನಪಥಕ್ಕೆ ನಮ್ಮ ಹೊಳೆದಂಡೆಗಳಲ್ಲಿ ಬೆಳೆಯುವ ನೀರುಮತ್ತಿ, ಅರ್ಥಾತ್ ಅರ್ಜುನ ವೃಕ್ಷ. ಅಕ್ಬರ್ ರಸ್ತೆಗೂ ತಿಲಕ್ ಮಾರ್ಗಕ್ಕೂ ಹುಣಸೆ. ಬೇರೆ ಅನೇಕ ರಸ್ತೆಗಳಿಗೆ ಬೇವು. ಸೋರೆಕಾಯಿಯಂಥ ಭಾರವಾದ ಉದ್ದ ಕಾಯಿಗಳನ್ನು ಜೋತುಬಿಡುವ ಆಫ್ರಿಕಾ ಮೂಲದ ಮರವೂ ಕೆಲವೆಡೆ ಸ್ಥಾನ ಪಡೆಯಿತು. ಮಳೆಗಾಲದ ಆರಂಭದಲ್ಲಿ ಇಂಡಿಯಾ ಗೇಟಿನ ಸುತ್ತಲಲ್ಲಿ ನೇರಳೆಹಣ್ಣನ್ನು ಹೆಕ್ಕಿ ಮಾರುವವರನ್ನು ನಾವೆಲ್ಲ ಕಂಡಿದ್ದೇವೆ. ಆ ಹಣ್ಣಿನ ಹಿಂದೆ ನೂರು ವರ್ಷಗಳ ಹಿಂದಿನ ಒಂದು ಯೋಜನೆಯಿದೆ.

ಈ ಯೋಜನೆಯನ್ನು ನಡೆಯಿಸಿದ ಅಧಿಕಾರಿಗಳ ಹೆಸರುಗಳು ಉಳಿದಿವೆ. ಲಂಡನ್ನಿನ ಕ್ಯೂ ಉದ್ಯಾನದಲ್ಲಿ ತರಬೇತಿ ಪಡೆದ ಡಬ್ಲ್ಯು. ಆರ್. ಮಸ್ಟೋ ಅವರು ಹೊಸದಿಲ್ಲಿಯ ತೋಟಗಾರಿಕೆಯ ಮುಖ್ಯಸ್ಥರಾಗಿದ್ದರು. ನಮ್ಮ ಬೆಂಗಳೂರಿನ ಲಾಲ್‌ಬಾಗಿನ ಚರಿತ್ರೆಯನ್ನು ಬಲ್ಲವರಿಗೆ ಇಲ್ಲಿ ಕ್ರುಂಬಿಗಲ್ ಅವರ ನೆನಪು ಬಾರದಿರದು. ಜರ್ಮನಿಯವರಾದ ಅವರೂ ಕ್ಯೂ ಉದ್ಯಾನದಲ್ಲಿ ಪಳಗಿ, ಬರೋಡೆಯಲ್ಲಿ ಕೆಲಸ ಮಾಡಿ, 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದು, ಬೆಂಗಳೂರಿನ ಬೀದಿಗಳಲ್ಲಿ ಋತುವಿಗೊಂದು ಬಣ್ಣದ ಹೂಮರಗಳನ್ನು ಹಬ್ಬಿಸಿದರು. ಅಲ್ಲಿ ಲಾಲ್‌ಬಾಗು, ಇಲ್ಲಿ ಸುಂದರ್ ನರ್ಸರಿ. ಎರಡು ನಗರಗಳ ನೆರಳೂ ಎರಡು ಸಸಿತೋಟಗಳಿಂದ ಹೊರಟುದು.

ಗೋರಿಗಳ ನಡುವೆ ಪಾತಿಗಳು

ಸಸಿತೋಟಕ್ಕೆ ಬಹು ಹಿಂದೆಯೂ ಈ ನೆಲ ಬರಿದಾಗಿರಲಿಲ್ಲ. 1325ರಲ್ಲಿ ದೈವಾಧೀನರಾದ ಹಜರತ್ ನಿಜಾಮುದ್ದೀನ್ ಔಲಿಯಾ ಅವರ ದರ್ಗಾದ ಸಮೀಪದಲ್ಲಿ ಮಣ್ಣಾಗುವುದು ಪುಣ್ಯವೆಂಬ ನಂಬಿಕೆಯಿಂದ ಅನೇಕ ಶತಮಾನಗಳ ಕಾಲ ದೊಡ್ಡವರು ಇಲ್ಲಿ ಗೋರಿಗಳನ್ನೂ ಉದ್ಯಾನಗಳನ್ನೂ ಮಾಡಿಸಿದರು. ತೋಟದೊಳಗೆ ಸುಂದರ್‌ವಾಲಾ ಬುರ್ಜ್, ಸುಂದರ್‌ವಾಲಾ ಮಹಲ್, ಲಕ್ಕಡ್‌ವಾಲಾ ಬುರ್ಜ್ ಎಂಬ ಹದಿನಾರನೆಯ ಶತಮಾನದ ಕಟ್ಟಡಗಳಿವೆ. ಸುಂದರ್‌ವಾಲಾ ಬುರ್ಜಿನ ಒಳಗೆ ಹೋಗಿ ತಲೆಯೆತ್ತಿ ನೋಡಿದರೆ ಸುಣ್ಣದ ಗಾರೆಯಲ್ಲಿ ಬಿಡಿಸಿದ ನಕ್ಷತ್ರಗಳ ಮೇಲ್ಛಾವಣಿ ಕಾಣುತ್ತದೆ. ಅಷ್ಟು ಚೆಲುವಾದ ಕೆಲಸವನ್ನು ನಮ್ಮಲ್ಲಿ ಯಾರೂ ಅಲ್ಲಿ ನಿರೀಕ್ಷಿಸಿರಲಿಲ್ಲ. ಲಕ್ಕಡ್‌ವಾಲಾ ಬುರ್ಜಿನ ಸುತ್ತಲೂ ಗುಲಾಬಿಯ ಪಾತಿಗಳಿವೆ. ಈ ಗೋರಿಗಳಲ್ಲಿ ಮಲಗಿರುವವರ ಹೆಸರುಗಳು ಮಾತ್ರ ಅಳಿಸಿಹೋಗಿವೆ. ಹೆಸರು ಉಳಿಯಲೆಂದು ಕಲ್ಲಿನಲ್ಲಿ ಕಟ್ಟಿಸಿದವರಿಗೇ ಈ ಗತಿಯಾದರೆ ಕಲ್ಲು ಹೊತ್ತವರ ಹೆಸರನ್ನು ಕೇಳುವುದೆಂತು?

ಹೋಟೆಲು ಬಂಧುಗಳು ವಿಶೇಷವಾಗಿ ಗಮನಿಸತಕ್ಕ ವಸ್ತುವೊಂದು ತೋಟದ ಬಡಗು ದಿಕ್ಕಿನಲ್ಲಿದೆ. ಅದು ಅಜೀಮ್‌ಗಂಜ್ ಸರಾಯಿ ಎಂಬ ಮೊಗಲರ ಕಾಲದ ಛತ್ರ. ಹಿಂದಿನ ಹೆದ್ದಾರಿ ಈ ಪ್ರದೇಶದ ಮೂಲಕವೇ ಹಾದು ಹೋಗುತ್ತಿತ್ತು. ಒಂಟೆ, ಎತ್ತು, ಕುದುರೆಗಳ ಮೇಲೆ ಸರಕು ಹೇರಿಕೊಂಡು ಬರುವ ವ್ಯಾಪಾರಿಗಳು ರಾತ್ರಿ ತಂಗಲು ನಾಲ್ಕೂ ಕಡೆ ಕಮಾನಿನ ಕೋಣೆಗಳು, ನಡುವೆ ವಿಶಾಲವಾದ ಅಂಗಳ, ರಾತ್ರಿ ಮುಚ್ಚುವ ಹೆಬ್ಬಾಗಿಲು, ಇದು ಸರಾಯಿಗಳ ರಚನೆ. ಇಂದಿನ ಹೋಟೆಲುಗಳಲ್ಲಿ ಕೋಣೆ, ಊಟ, ಸಾಮಾನಿನ ಕಾವಲು ಎಂದು ನಾವು ಯಾವ ಸೇವೆಗಳನ್ನು ಒದಗಿಸುತ್ತೇವೆಯೋ ಅವೆಲ್ಲವೂ ಅಂದಿನ ಸರಾಯಿಯ ಆಳುಗಳ ಕೆಲಸವೇ ಆಗಿದ್ದವು. ನಮ್ಮ ಕಸುಬಿನ ಹಿರಿಯರು ನಾನೂರು ವರ್ಷಗಳ ಹಿಂದೆ ದಿಲ್ಲಿಯ ಈ ಮೂಲೆಯಲ್ಲಿ ಒಲೆ ಹೊತ್ತಿಸಿದ್ದರೆಂದರೆ ತಪ್ಪಾಗದು.

ತೋಟವನ್ನು ಉಳಿಸಿಕೊಂಡ ಬಗೆ

1931ರ ಫೆಬ್ರುವರಿಯಲ್ಲಿ ಹೊಸದಿಲ್ಲಿಯ ಉದ್ಘಾಟನೆಯಾಯಿತು. ಆ ಬಳಿಕವೂ ಸಸಿತೋಟ ತನ್ನ ಕೆಲಸವನ್ನು ನಿಲ್ಲಿಸಲಿಲ್ಲ. ಸ್ವಾತಂತ್ರ್ಯಾನಂತರ ಕೇಂದ್ರ ಲೋಕೋಪಯೋಗಿ ಇಲಾಖೆಯ ಆಡಳಿತದಲ್ಲಿ ಸರಕಾರಿ ಕಟ್ಟಡಗಳಿಗೂ ವಸತಿಗಳಿಗೂ ಇಲ್ಲಿಂದಲೇ ಗಿಡಗಳು ಹೋಗುತ್ತಿದ್ದವು. ಆದರೆ ಗೋರಿಗಳು ಶಿಥಿಲವಾದವು, ಪೊದೆಗಳು ಬೆಳೆದವು, ಜನಸಾಮಾನ್ಯರು ಇದನ್ನು ನೋಡತಕ್ಕ ಸ್ಥಳವೆಂದು ಎಣಿಸಲಿಲ್ಲ.

2007ರಲ್ಲಿ ಕೇಂದ್ರ ಲೋಕೋಪಯೋಗಿ ಇಲಾಖೆ, ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ, ದಿಲ್ಲಿ ನಗರಸಭೆ ಇವು ಆಗಾ ಖಾನ್ ಸಾಂಸ್ಕೃತಿಕ ಟ್ರಸ್ಟಿನೊಡನೆ ಒಪ್ಪಂದ ಮಾಡಿಕೊಂಡವು. ಹುಮಾಯೂನ್ ಸಮಾಧಿ, ಸುಂದರ್ ನರ್ಸರಿ, ನಿಜಾಮುದ್ದೀನ್ ಬಸ್ತಿ ಈ ಮೂರನ್ನೂ ಒಟ್ಟಾಗಿ ಜೀರ್ಣೋದ್ಧಾರ ಮಾಡುವುದೆಂದು ನಿಶ್ಚಯವಾಯಿತು. ಉದ್ಯಾನದ ವಿನ್ಯಾಸವನ್ನು ಮಾಡಿದವರು ಮೊಹಮ್ಮದ್ ಶಹೀರ್ ಎಂಬ ಶಿಲ್ಪಜ್ಞರು. ತೋಟ ತೆರೆಯುವ ಮೊದಲೇ, 2015ರಲ್ಲಿ, ಅವರು ತೀರಿಕೊಂಡರು. 2018ರ ಫೆಬ್ರುವರಿ 21ರಂದು ಅಂದಿನ ಉಪರಾಷ್ಟ್ರಪತಿ ವೆಂಕಯ್ಯ ನಾಯ್ಡು ಅವರು ಇದನ್ನು ಸಾರ್ವಜನಿಕರಿಗೆ ಅರ್ಪಿಸಿದರು.

ಇಂದು ಒಳಹೊಕ್ಕವನಿಗೆ ಮೊದಲು ಕಾಣುವುದು ಅರ್ಧ ಕಿಲೋಮೀಟರಿಗೂ ಮಿಕ್ಕಿ ನೇರವಾಗಿ ಸಾಗುವ ನಡುದಾರಿ, ಅದರ ಮಧ್ಯದಲ್ಲಿ ಮೊಗಲರ ಪದ್ಧತಿಯ ನೀರಿನ ಕಾಲುವೆ, ಕಾರಂಜಿಗಳು. ಪಕ್ಕಕ್ಕೆ ತಿರುಗಿದರೆ ಕೆರೆ, ಬಯಲು ರಂಗಮಂದಿರ, ಕುಬ್ಜ ವೃಕ್ಷಗಳ ಸಾಲು. 300ಕ್ಕೂ ಹೆಚ್ಚು ಜಾತಿಯ ಮರಗಳು ಇಲ್ಲಿವೆಯೆಂಬುದು ಲೆಕ್ಕ. ದಿಲ್ಲಿಯ ನೆಲದ ನಾಲ್ಕು ಬಗೆಗಳಾದ ಕೋಹಿ ಎಂಬ ಗುಡ್ಡದ ನೆಲ, ಖಾದರ್ ಎಂಬ ಹೊಳೆಬದಿಯ ನೆಲ, ಬಾಂಗರ್ ಎಂಬ ಬಯಲು ನೆಲ, ಡಾಬರ್ ಎಂಬ ಜೌಗು ನೆಲ, ಇವುಗಳಲ್ಲಿ ತಾನಾಗಿ ಬೆಳೆಯುವ ಗಿಡಮರಗಳನ್ನು ಬೇರೆಬೇರೆಯಾಗಿ ಬೆಳೆಸಿ ತೋರಿಸಿದ್ದಾರೆ. ಶಾಲೆಯ ಮಕ್ಕಳಿಗೆ ಪುಸ್ತಕದ ಹತ್ತು ಪಾಠಗಳಿಗಿಂತ ಇಲ್ಲಿಯ ಒಂದು ಸುತ್ತು ಮೇಲು. ತೋಟದ ಸಸ್ಯಾಗಾರದ ಕೆಲಸವೂ ಮುಂದುವರಿಯುತ್ತಿರುವುದರಿಂದ ಇದು ಬರಿಯ ಪ್ರದರ್ಶನವಾಗಿಲ್ಲ, ಬದುಕಿರುವ ತೋಟವಾಗಿಯೇ ಇದೆ. 2024ರ ಜುಲೈಯಲ್ಲಿ ತೆರೆದ ನೆಲದಡಿಯ ವಸ್ತುಸಂಗ್ರಹಾಲಯವೊಂದು ಹುಮಾಯೂನ್ ಸಮಾಧಿಗೂ ಈ ತೋಟಕ್ಕೂ ನಡುವೆ ಕೊಂಡಿಯಾಗಿದೆ.

ಕಾಣದೆ ಹೋದುದು

ಇಷ್ಟೆಲ್ಲ ನೋಡಿ ಸಂತುಷ್ಟರಾದ ನಾವು, ಒಂದು ಮರದ ಬುಡದಲ್ಲಿ ಪಾತಿ ಬಿಡಿಸುತ್ತಿದ್ದ ವೃದ್ಧ ಮಾಲಿಯೊಡನೆ ಮಾತಿಗೆ ನಿಂತೆವು. ಅವರು ಪೂರ್ವ ಉತ್ತರಪ್ರದೇಶದಿಂದ ಕೆಲಸ ಹುಡುಕಿಕೊಂಡು ಬಂದವರು. ನಮ್ಮ ಹಾಗೆಯೇ ಹೊರಗಿನವರು. ಆ ದೊಡ್ಡ ಮರವನ್ನು ನೆಟ್ಟವರು ಯಾರೆಂದು ಕೇಳಿದಾಗ ಅವರು ಸ್ವಲ್ಪವೂ ಯೋಚಿಸದೆ, ಸರಕಾರ ನೆಟ್ಟದ್ದು ಎಂದರು. ಸರಕಾರಕ್ಕೆ ಕೈಯಿಲ್ಲ, ಗುದ್ದಲಿ ಹಿಡಿದವರು ಯಾರು ಎಂದು ನಮ್ಮಲ್ಲೊಬ್ಬರು ಮರಳಿ ಕೇಳಿದರು. ಅವರು ನಕ್ಕು, ನನ್ನಂಥವನೇ ಯಾವನೋ ಒಬ್ಬ ಎಂದು ಹೇಳಿ ತಮ್ಮ ಕೆಲಸಕ್ಕೆ ತಿರುಗಿದರು.

ಆ ಉತ್ತರವು ನಮ್ಮನ್ನು ಬಹಳ ಹೊತ್ತು ಬಿಡಲಿಲ್ಲ. ಹೊಸದಿಲ್ಲಿಯ ಮಧ್ಯಭಾಗವನ್ನು ಇಂದಿಗೂ ಜನರು ಲುಟ್ಯನ್ಸ್ ದಿಲ್ಲಿಯೆಂದು ಕರೆಯುತ್ತಾರೆ. ನಕಾಶೆ ಬರೆದ ಒಬ್ಬ ಶಿಲ್ಪಿಯ ಹೆಸರು ಊರಿಗೇ ಅಂಟಿಕೊಂಡಿತು. ದೊಡ್ಡ ಗುತ್ತಿಗೆದಾರರಾದ ಶೋಭಾ ಸಿಂಗರ ಹೆಸರು ಉಳಿಯಿತು, ತೋಟಗಾರಿಕೆಯ ಸಾಹೇಬರ ಹೆಸರು ಉಳಿಯಿತು. ರಾಜಸ್ಥಾನದ ಬಾಗಡ್ ಸೀಮೆಯಿಂದ ಬಂದು ಕಲ್ಲುಮಣ್ಣು ಹೊತ್ತ ಗಂಡುಹೆಣ್ಣುಗಳ ಹೆಸರು, ಸಸಿಗಳಿಗೆ ನೀರೆರೆದವರ ಹೆಸರು, ನಾವು ತಿರುಗಾಡಿದೆಡೆಯಲ್ಲೆಲ್ಲ ಒಂದೂ ಕಾಣಲಿಲ್ಲ.

ಅಷ್ಟೊಂದು ಜನರ ಹೆಸರನ್ನು ಬರೆಯುವುದು ಎಲ್ಲಾದರೂ ಉಂಟೇ ಎಂದು ಕೇಳಬಹುದು. ದಿಲ್ಲಿಯಲ್ಲಿಯೇ ಉಂಟು. ಇದೇ ಕಾಲದಲ್ಲಿ, ಅಂದರೆ 1931ರಲ್ಲಿ, ಪೂರ್ಣಗೊಂಡ ಇಂಡಿಯಾ ಗೇಟಿನ ಗೋಡೆಗಳ ಮೇಲೆ ಮಡಿದ ಯೋಧರ 13,000ಕ್ಕೂ ಹೆಚ್ಚು ಹೆಸರುಗಳನ್ನು ಕೆತ್ತಿದ್ದಾರೆ. ಅದರಲ್ಲಿ ಅಧಿಕಾರಿಗಳೂ ಉಂಟು, ಸಾಮಾನ್ಯ ಸಿಪಾಯಿಗಳೂ ಉಂಟು. ಯುದ್ಧದಲ್ಲಿ ಮಡಿದವರಿಗೆ ಸಲ್ಲಬೇಕಾದ ಗೌರವವದು. ಆದರೆ ಆ ಕಮಾನಿಗೆ ನಾಲ್ಕೂ ಕಡೆ ನೆರಳನ್ನಿತ್ತವರಿಗೆ ಒಂದು ಹಲಗೆಯಾದರೂ ಬೇಡವೇ?

ಹೊರನಾಡುಗಳ ಎರಡು ನಿದರ್ಶನಗಳು

ಹಳೆಯ ತೋಟಗಳನ್ನು ಚಾರಿತ್ರಿಕ ಸ್ಥಳಗಳೆಂದು ಉಳಿಸಿಕೊಂಡ ದೇಶಗಳು ಬೇರೆಯೂ ಇವೆ. ಅಮೆರಿಕದ ದಕ್ಷಿಣ ಪ್ರಾಂತಗಳಲ್ಲಿ ಹತ್ತಿ, ಕಬ್ಬುಗಳ ದೊಡ್ಡ ತೋಟಗಳನ್ನು ಆಫ್ರಿಕಾದಿಂದ ಹಿಡಿದು ತಂದ ಗುಲಾಮರೂ ಅವರ ಸಂತತಿಯವರೂ ದುಡಿದು ಬೆಳೆಸಿದರು. 1865ರಲ್ಲಿ ಗುಲಾಮಗಿರಿ ರದ್ದಾಯಿತು. ಬಳಿಕ ಅಂಥ ಅನೇಕ ತೋಟಗಳು ಪ್ರವಾಸಿಗಳ ಆಕರ್ಷಣೆಯಾದವು. ಆದರೆ ಬಹುಕಾಲ ಅಲ್ಲಿ ತೋರಿಸುತ್ತಿದ್ದುದು ಧಣಿಗಳ ಬಿಳಿಯ ಕಂಬದ ಬಂಗಲೆ, ಬೆಳ್ಳಿಯ ತಟ್ಟೆ, ರೇಶಿಮೆಯ ಪರದೆ ಇಷ್ಟನ್ನೇ. 2014ರಲ್ಲಿ ಲೂಯಿಸಿಯಾನಾ ಪ್ರಾಂತದ ವಿಟ್ನಿ ಎಂಬ ತೋಟವನ್ನು ಬೇರೆಯೇ ರೀತಿಯಲ್ಲಿ ಜನರಿಗೆ ತೆರೆದರು. ಅಲ್ಲಿ ಮುಖ್ಯವಾಗಿ ಹೇಳುವುದು ದುಡಿದವರ ಕಥೆಯನ್ನು. ದಫ್ತರಗಳನ್ನು ಶೋಧಿಸಿ ದೊರೆತ ಆ ಪ್ರಾಂತದ 1 ಲಕ್ಷಕ್ಕೂ ಹೆಚ್ಚು ಗುಲಾಮರ ಹೆಸರುಗಳನ್ನು ಕಲ್ಲಿನ ಫಲಕಗಳ ಮೇಲೆ ಕೆತ್ತಿದ್ದಾರೆ.

ಎರಡನೆಯ ನಿದರ್ಶನ ನಮ್ಮವರಿಗೆ ಸಂಬಂಧಿಸಿದುದೇ. ಮಾರಿಶಸ್ ದ್ವೀಪದ ಕಬ್ಬಿನ ತೋಟಗಳಿಗೆ 1834ರಿಂದ ಸುಮಾರು 1920ರ ವರೆಗೆ ಹತ್ತಿರ ಹತ್ತಿರ 5 ಲಕ್ಷ ಮಂದಿ ಕರಾರುಕೂಲಿಗಳು ಹೋದರು. ಅವರಲ್ಲಿ ಬಹುಪಾಲು ಭಾರತೀಯರು. ಅವರು ಹಡಗಿನಿಂದ ಇಳಿದು ಹತ್ತಿದ ಕಲ್ಲುಮೆಟ್ಟಿಲುಗಳನ್ನೂ ತಂಗಿದ ಕಟ್ಟಡಗಳನ್ನೂ ಆಪ್ರವಾಸೀ ಘಾಟ್ ಎಂಬ ಹೆಸರಿನಿಂದ ಕಾಪಾಡಿದ್ದಾರೆ. 2006ರಲ್ಲಿ ಅದು ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಕೂಲಿಗಳ ಹೆಸರು, ಊರು ಮುಂತಾದ ವಿವರಗಳುಳ್ಳ ದಾಖಲೆ ಪುಸ್ತಕಗಳು ಅಲ್ಲಿಯ ಮಹಾತ್ಮಾ ಗಾಂಧಿ ಸಂಸ್ಥೆಯಲ್ಲಿ ಉಳಿದು ಬಂದಿವೆ. ಇಂದಿನ ಮೊಮ್ಮಕ್ಕಳು, ಮರಿಮಕ್ಕಳು ಅವನ್ನು ತೆರೆಯಿಸಿ ತಮ್ಮ ಹಿರಿಯರು ಯಾವ ಜಿಲ್ಲೆಯ ಯಾವ ಹಳ್ಳಿಯವರೆಂದು ಕಂಡುಕೊಳ್ಳುತ್ತಾರೆ.

ಸುಂದರ್ ನರ್ಸರಿಯ ಮಾಲಿಗಳು ಗುಲಾಮರೂ ಅಲ್ಲ, ಕರಾರುಕೂಲಿಗಳೂ ಅಲ್ಲ. ಈ ಭೇದವನ್ನು ಮರೆತು ಎಲ್ಲವನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಾಗದು. ಆದರೆ ದುಡಿದವರ ಹೆಸರು ತಾನಾಗಿ ಉಳಿಯುವುದಿಲ್ಲ, ಯಾರಾದರೂ ಮನಸ್ಸಿಟ್ಟು ಉಳಿಸಿದರೆ ಮಾತ್ರ ಉಳಿಯುತ್ತದೆ ಎಂಬ ಪಾಠವು ಎಲ್ಲೆಡೆಗೂ ಒಂದೇ.

ಘಟ್ಟ ಹತ್ತಿದವರು

ದೂರದ ಮಾತೇಕೆ? ನಮ್ಮ ನಾಡಿನ ಕಾಫಿಯ ತೋಟಗಳ ಕಥೆಯನ್ನೇ ನೋಡೋಣ. ಚಿಕ್ಕಮಗಳೂರು, ಕೊಡಗು, ಹಾಸನದ ಮಲೆಗಳಲ್ಲಿ ಕಾಡು ಕಡಿದು ಕಾಫಿಯ ಗಿಡ ನೆಡಲು ದಕ್ಷಿಣ ಕನ್ನಡದ ಬಡ ಒಕ್ಕಲುಗಳು ಮೇಸ್ತ್ರಿಯಿಂದ ಮುಂಗಡ ಪಡೆದು ಘಟ್ಟ ಹತ್ತುತ್ತಿದ್ದರು. ಮಳೆ, ಜಿಗಣೆ, ಮಲೇರಿಯಾ ಇವುಗಳ ಬಾಯಿಗೆ ಬಿದ್ದು ಹಿಂದಿರುಗದವರೂ ಇದ್ದರು. ಘಟ್ಟಕ್ಕೆ ಹೋದ ಎಂಬ ಒಂದೇ ಮಾತಿನಲ್ಲಿ ಎಷ್ಟೋ ಮನೆಗಳ ಹಿರಿಯನ ಕಥೆ ಮುಗಿದುಹೋಗಿದೆ. 1951ರಲ್ಲಿ ತೋಟದ ಕಾರ್ಮಿಕರ ವಸತಿ, ವೈದ್ಯೋಪಚಾರಗಳಿಗಾಗಿ ಭಾರತ ಸರಕಾರವು ಕಾಯಿದೆ ಮಾಡಿತು. ಅದಕ್ಕೂ ಮೊದಲು ನಾಲ್ಕಾರು ತಲೆಮಾರು ದುಡಿದು ಮಣ್ಣಾಗಿದ್ದವು. ನಮ್ಮ ಹೋಟೆಲುಗಳಲ್ಲಿ ದಿನಕ್ಕೆ ಸಾವಿರ ಲೋಟ ಕಾಫಿ ಸುರಿಯುವ ಕೈಗಳು ಆ ಕೈಗಳ ಬಂಧುಗಳೇ. ಅಂದು ಘಟ್ಟ ಹತ್ತಿದವನ ಮೊಮ್ಮಗ ಮುಂದೆ ಮುಂಬಯಿಗೋ ದಿಲ್ಲಿಗೋ ರೈಲು ಹತ್ತಿದನು.

ಬೆಂಗಳೂರಿನಲ್ಲಿ ತೋಟಗಾರಿಕೆಗೆ ಹೆಸರಾದ ತಿಗಳ ಸಮುದಾಯದವರು ಕರಗ ಉತ್ಸವದ ಮೂಲಕ ವರ್ಷಕ್ಕೊಮ್ಮೆ ನಗರವೇ ತಮ್ಮನ್ನು ನೆನೆಯುವಂತೆ ಮಾಡಿಕೊಂಡಿದ್ದಾರೆ. ಕಲ್ಲಿನ ಫಲಕವಿಲ್ಲದಿದ್ದರೂ ಸಮುದಾಯವು ತಾನೇ ತನ್ನ ನೆನಪನ್ನು ಹೊತ್ತು ನಡೆದರೆ ಅದು ಉಳಿಯುತ್ತದೆ ಎಂಬುದಕ್ಕೆ ಇದು ಸಾಕ್ಷಿ.

ನಾವು ಮಾಡಬಹುದಾದುದು

ಸುಂದರ್ ನರ್ಸರಿಯನ್ನು ಕಾಪಾಡಿದವರ ಶ್ರಮ ಸ್ತುತ್ಯರ್ಹವೇ. ಪಕ್ಕದ ಹುಮಾಯೂನ್ ಸಮಾಧಿಯ ಜೀರ್ಣೋದ್ಧಾರದಲ್ಲಿ ಕಲ್ಲುಕುಟಿಗರು, ಗಾರೆಯವರು, ಹೆಂಚಿನ ಕೆಲಸದವರು ಒಟ್ಟು 2 ಲಕ್ಷ ದಿನಗಳಷ್ಟು ದುಡಿದರೆಂದು ಲೆಕ್ಕವಿಟ್ಟಿದ್ದಾರೆ. ದಿನಗಳ ಲೆಕ್ಕವನ್ನು ಇಟ್ಟವರಿಗೆ ಜನರ ಲೆಕ್ಕವನ್ನು ಇಡುವುದು ಅಸಾಧ್ಯವಾಗದು. ಹಳೆಯ ಮಾಲಿಗಳ ಹೆಸರುಗಳು ಇಲಾಖೆಯ ಸಂಬಳದ ಪುಸ್ತಕಗಳಲ್ಲಿ ದೊರೆಯಬಹುದಾದರೆ ಅವನ್ನು ಹುಡುಕಿ, ನಡುದಾರಿಯ ಬದಿಯ ಒಂದು ಕಲ್ಲಿನಲ್ಲಿ ಬರೆಯಿಸಲಿ. ದೊರೆಯದಿದ್ದರೆ, ಈ ತೋಟವನ್ನು ಬೆಳೆಸಿದ ಹೆಸರರಿಯದ ಮಾಲಿಗಳಿಗೆ ಎಂದಾದರೂ ಒಂದು ಸಾಲು ಇರಲಿ. ಇಂದು ದುಡಿಯುತ್ತಿರುವವರ ಹೆಸರುಗಳನ್ನಂತೂ ಬರೆದಿಡಲು ಯಾವ ಅಡ್ಡಿಯೂ ಇಲ್ಲ.

ಇತರರಿಗೆ ಹೇಳುವ ಮಾತನ್ನು ನಮ್ಮ ಮನೆಯಲ್ಲಿಯೂ ನಡೆಯಿಸಬೇಕು. ದಿಲ್ಲಿಯಲ್ಲಿ ಇಡ್ಲಿ, ದೋಸೆಗಳನ್ನು ಪಂಜಾಬಿಯೂ ಬಂಗಾಳಿಯೂ ಹೆಸರು ಹಿಡಿದು ಕೇಳುವಂತೆ ಮಾಡಿದವರು ಯಾರು? ಅಂಗಡಿಯ ಹಲಗೆಯ ಮೇಲೆ ಧಣಿಯ ಹೆಸರೋ ದೇವರ ಹೆಸರೋ ಇರುತ್ತದೆ. ಬೆಳಗಿನ ನಾಲ್ಕು ಗಂಟೆಗೆ ಎದ್ದು ಹಿಟ್ಟು ರುಬ್ಬಿದವನ, ಒಲೆಯ ಮುಂದೆ ನಿಂತು ಮೊಣಕಾಲು ಸವೆಸಿದವನ ಹೆಸರು ಎಲ್ಲಿದೆ? ಸಚಿವಾಲಯಗಳ ಕಡತಗಳಲ್ಲಿ ಮೂವತ್ತು ವರ್ಷ ಟಿಪ್ಪಣಿ ಬರೆದು, ಸಂಜೆ ಬಂದು ಕನ್ನಡ ಸಂಘಗಳ ಬೆಂಚು ಹೊತ್ತ ಗುಮಾಸ್ತರ ಹೆಸರುಗಳನ್ನು ಯಾರು ಬರೆದಿಟ್ಟಿದ್ದಾರೆ? ಒಬ್ಬೊಬ್ಬರಾಗಿ ಹಿರಿಯರು ತೀರಿಹೋಗುತ್ತಿದ್ದಾರೆ. ಅವರೊಡನೆ ಹೆಸರುಗಳೂ ಹೋಗುತ್ತಿವೆ.

ಇದಕ್ಕೆ ದೊಡ್ಡ ಹಣ ಬೇಡ, ಸರಕಾರದ ಅಪ್ಪಣೆಯೂ ಬೇಡ. ಒಂದು ದಪ್ಪ ಪುಸ್ತಕ, ಒಂದು ಲೇಖನಿ ಸಾಕು. ಪ್ರತಿಯೊಂದು ಸಂಘದಲ್ಲಿಯೂ ಪ್ರತಿಯೊಂದು ಹೋಟೆಲಿನಲ್ಲಿಯೂ ಹಿರಿಯರನ್ನು ಕೂರಿಸಿ, ಯಾವ ವರ್ಷ ಬಂದಿರಿ, ಯಾವ ಊರಿನಿಂದ ಬಂದಿರಿ, ಮೊದಲು ಯಾರ ಕೈಕೆಳಗೆ ದುಡಿದಿರಿ, ನಿಮ್ಮೊಡನೆ ಇದ್ದವರು ಯಾರು ಎಂದು ಕೇಳಿ ಬರೆದುಕೊಳ್ಳಲಿ. ಶಾಲೆಯ ಮಕ್ಕಳಿಗೆ ಇದನ್ನು ಒಂದು ರಜೆಯ ಕೆಲಸವಾಗಿ ಕೊಟ್ಟರೂ ಆಗಬಹುದು. ಮಾರಿಶಸ್ಸಿನ ಕೂಲಿಗಳ ಹೆಸರನ್ನು ಬರೆದಿಟ್ಟವರು ಪರಕೀಯರಾದ ಅಧಿಕಾರಿಗಳು. ಅದೂ ತಮ್ಮ ಲೆಕ್ಕಕ್ಕಾಗಿ. ನಮ್ಮ ಹೆಸರನ್ನು ನಾವೇ, ನಮ್ಮ ಭಾಷೆಯಲ್ಲಿ, ಗೌರವದಿಂದ ಬರೆದುಕೊಳ್ಳುವ ಅವಕಾಶ ನಮಗಿದೆ.

ಬಂಧುಗಳು ಚಳಿಗಾಲದಲ್ಲಿ ಒಂದು ದಿನ ಬುತ್ತಿ ಕಟ್ಟಿಕೊಂಡು, ಮಕ್ಕಳೊಡನೆ ಆ ತೋಟಕ್ಕೆ ಹೋಗಿಬರಲಿ. ಪ್ರವೇಶಕ್ಕೆ ಶುಲ್ಕವಿದ್ದರೂ ಅದು ವ್ಯರ್ಥವಾಗದು. ಗೋರಿಗಳನ್ನು ನೋಡಲಿ, ಮರಗಳ ಹೆಸರುಗಳನ್ನು ಮಕ್ಕಳಿಗೆ ಕನ್ನಡದಲ್ಲಿ ಹೇಳಿಕೊಡಲಿ. ಅಲ್ಲಿ ಕೆಲಸ ಮಾಡುತ್ತಿರುವ ಮಾಲಿಗಳನ್ನು ಕಂಡರೆ ಅವರ ಊರನ್ನೂ ಹೆಸರನ್ನೂ ಕೇಳಲಿ. ಹಾಗೆ ಕೇಳಿಸಿಕೊಂಡಾಗ ಆಗುವ ಸಂತೋಷವು ಹೋಟೆಲಿನ ಮೇಜಿನ ಬಳಿ ನಿಂತು ದುಡಿಯುವ ನಮಗಿಂತ ಹೆಚ್ಚಾಗಿ ಇನ್ನಾರಿಗೆ ತಿಳಿದೀತು?